ನಲವತ್ತಾರರ ಮೊಡವೆ

ಫೆಬ್ರವರಿ 4, ಶನಿವಾರ

ನಲವತ್ತಾರು ತುಂಬಿದ ಮೇಲೆ ನನಗೆ ಮೊಡವೆ ಎದ್ದಿದೆ. ಗದ್ದದ ಮೇಲೆ ಒಂದು ಸಂಸಾರವೇ ಬೀಡು ಬಿಟ್ಟಿದೆ. ಹದಿನೆಂಟರಲ್ಲಿ ನನ್ನ ಮುಖ ನುಣ್ಣಗಿತ್ತು. ಆಗ ಒಬ್ಬರೂ ತಿರುಗಿ ನೋಡಲಿಲ್ಲ. ಈಗ ಎಲ್ಲರೂ ನೋಡುತ್ತಾರೆ.

ಕೊರೊನಾದ ಮೂರು ವರ್ಷ ಮಾಸ್ಕು ಈ ಗದ್ದವನ್ನು ಮುಚ್ಚಿಟ್ಟಿತ್ತು. ಮೊಡವೆ ಬೆಳೆಸಿದ್ದೂ ಮಾಸ್ಕೇ ಅಂತ ಹೇಳಬಹುದು. ಬೆಳಗಿನಿಂದ ಸಂಜೆಯವರೆಗೆ ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಕಲಿಯುವವರ ಪಕ್ಕ ಕೂತು "ಬ್ರೇಕು, ಬ್ರೇಕು!" ಎಂದು ಕೂಗುವವನು ನಾನು. ಹೊರಗೆ ಜಪಾನಿನ ಈ ಕಡಲೂರು ಹಿಮಿಯ ಹಿಮ, ಮಾಸ್ಕಿನೊಳಗೆ ನನ್ನದೇ ಉಸಿರಿನ ಸೆಕೆ.

ಮೊನ್ನೆ ಚಹಾ ಕುಡಿಯಲು ಮಾಸ್ಕನ್ನು ಗದ್ದದ ಕೆಳಗೆ ಸರಿಸಿದೆ. ಪಕ್ಕದಲ್ಲಿ ಸವಾಜಾಕಿಯವರಿದ್ದರು. ಮೀನು ಮಾರ್ಕೆಟ್ಟಿನಲ್ಲಿ ಅವರದೊಂದು ಅಂಗಡಿ. ಗಂಡನ ಕಣ್ಣು ಮಂಜಾದ ಮೇಲೆ, ಅರವತ್ತು ಹತ್ತಿರ ಬಂದಾಗ, ಕಾರು ಕಲಿಯಲು ಬಂದಿದ್ದಾರೆ. ನನ್ನ ಗದ್ದ ಕಂಡದ್ದೇ ಸ್ಟಿಯರಿಂಗ್ ಬಿಟ್ಟು ಬಾಯಿಗೆ ಕೈ ಹಿಡಿದರು.

"ಅಯ್ಯೋ ಮೇಷ್ಟ್ರೇ! ಕಣ್ಣು ನೋಡಿ ತಾಜಾ ಮಾಲು ಅಂದ್ಕೊಂಡಿದ್ದೆ. ಕೆಳಗಡೆ ಹೀಗಿದೆಯಾ!"

ಮೀನಿನ ವಿಷಯದಲ್ಲಿ ಅವರ ಮಾತು ಸುಳ್ಳಾಗುವುದಿಲ್ಲ. ಇವತ್ತು ಚರ್ಮದ ಡಾಕ್ಟರ ಹತ್ತಿರ ಹೋದೆ. ಹೊರಗೆ ಕಾಯುತ್ತ ಕೂತವರೆಲ್ಲ ಹೈಸ್ಕೂಲು ಮಕ್ಕಳು. ನನ್ನನ್ನು ಯಾರದೋ ಅಪ್ಪ ಅಂದುಕೊಂಡು ನರ್ಸ್ ಕೇಳಿದಳು: "ಮಗು ಎಲ್ಲಿ ಸಾರ್?"

ಡಾಕ್ಟರ್ ಮುರೈ ವಯಸ್ಸಾದ ಹೆಂಗಸು. ಭೂತಗನ್ನಡಿ ಹಿಡಿದು ನೋಡಿ, "ಮೊಡವೆ" ಅಂದರು.

"ಈ ವಯಸ್ಸಿಗಾ?"

"ನಿಮ್ಮ ವಯಸ್ಸು ಅದಕ್ಕೆ ಹೇಗೆ ಗೊತ್ತಾಗ್ಬೇಕು?"

ಒಂದು ಜೆಲ್ ಬರೆದುಕೊಟ್ಟರು. ಅದರಲ್ಲಿ ಎರಡು ಔಷಧಿಯಂತೆ. ಒಂದು ಕ್ರಿಮಿ ಕೊಲ್ಲುವ ಆಂಟಿಬಯೋಟಿಕ್. ಇನ್ನೊಂದು, ಕ್ರಿಮಿಗಳು ಅದಕ್ಕೆ ಒಗ್ಗಿಹೋಗದ ಹಾಗೆ ಕಾಯುವಂಥದ್ದು. ಸಂಜೆ ಸ್ನಾನವಾದ ಮೇಲೆ ತೆಳ್ಳಗೆ ಹಚ್ಚಬೇಕು. ಮೊದಮೊದಲು ಉರಿಯುತ್ತದೆ, ಸಿಪ್ಪೆ ಏಳುತ್ತದೆ. ಬಟ್ಟೆಗೆ ತಾಗಿದರೆ ಬಣ್ಣ ಹೋಗುತ್ತದೆ. ಫ್ರಿಜ್ಜಿನಲ್ಲಿಡಬೇಕು.

"ಮನಸ್ಸು ಬಂದಾಗ ಹಚ್ಚೋದು, ಬೇಜಾರಾದಾಗ ಬಿಡೋದು ಮಾಡ್ಬೇಡಿ. ಹಾಗೆ ಮಾಡಿದ್ರೆ ಕ್ರಿಮಿಗಳು ಪಳಗಿಬಿಡ್ತವೆ. ಹೆಚ್ಚೆಂದ್ರೆ ಮೂರು ತಿಂಗಳು, ಆಮೇಲೆ ನಿಲ್ಲಿಸ್ತೀವಿ. ನಿಮ್ಮದನ್ನ ಬೇರೆ ಯಾರಿಗೂ ಕೊಡೋ ಹಾಗಿಲ್ಲ."

ನಲವತ್ತಾರರ ಗಂಡಸಿನ ಮೊಡವೆ ಜೆಲ್ ಯಾರಿಗೆ ಬೇಕು ಡಾಕ್ಟರೇ, ಎಂದು ನಕ್ಕೆ. ಅವರು ನಗಲಿಲ್ಲ.

ಫೆಬ್ರವರಿ 5, ಭಾನುವಾರ

ಜೆಲ್ಲನ್ನು ಫ್ರಿಜ್ಜಿನ ಬಾಗಿಲಲ್ಲಿ, ಮೂಗಿಗೇರುವ ಖಾರದ ವಸಾಬಿ ಟ್ಯೂಬಿನ ಪಕ್ಕ ನಿಲ್ಲಿಸಿದ್ದೇನೆ. ನೋಡಲು ಅಣ್ಣತಮ್ಮಂದಿರ ಹಾಗಿವೆ.

ಚಿಗುಸಾಗೆ ಹೇಳಿಬಿಡಬೇಕು ಅನ್ನಿಸಿತು. ಹದಿನೈದರ ಮಗಳು ಅದನ್ನು ಅನ್ನದ ಮೇಲೆ ಹಿಂಡಿಕೊಂಡರೆ ನಗೊಯಾದಲ್ಲಿರುವ ಅವಳಮ್ಮನಿಗೆ ನಾನೇನು ಉತ್ತರ ಹೇಳಲಿ? ನನ್ನ ಹೆಂಡತಿ ಯುಕಾರಿಯನ್ನು ಅವಳ ಕಂಪನಿ ಎರಡು ವರ್ಷಕ್ಕೆಂದು ಅಲ್ಲಿಗೆ ಹಾಕಿದೆ. ತಿಂಗಳಿಗೊಮ್ಮೆ ಬಂದು ಫ್ರಿಜ್ಜನ್ನೂ ನಮ್ಮಿಬ್ಬರನ್ನೂ ತೊಳೆದಿಟ್ಟು ಹೋಗುತ್ತಾಳೆ.

ಅವಳ ರೂಮಿನ ಬಾಗಿಲ ಹೊರಗೆ ನಿಂತು ಹೇಳಿದೆ. "ಚಿಗುಸಾ, ಫ್ರಿಜ್ಜಲ್ಲಿ ಬಿಳೀ ಟ್ಯೂಬ್ ಇದೆ, ಅದು ತಿನ್ನೋದಲ್ಲ. ಅಪ್ಪನ ಮೊಡವೆದು."

ಒಳಗೆ ಕುರ್ಚಿ ಸರಿದ ಸದ್ದು. ಆಮೇಲೆ "ಹ್ಞೂಂ."

ಅವಳ ಊಟ ರೂಮಿನಲ್ಲೇ. ಅದನ್ನು ಶುರುಮಾಡಿದವನು ನಾನೇ. ಮೊದಲ ವರ್ಷ, ದಿನವಿಡೀ ಅಪರಿಚಿತರ ಜೊತೆ ಮುಚ್ಚಿದ ಕಾರಿನಲ್ಲಿ ಕೂತು ಬರುವವನು ನಾನು, ಮಗುವಿಗೆ ಅಂಟಿಸಬಾರದೆಂದು ಟ್ರೇ ಬಾಗಿಲಲ್ಲಿ ಇಟ್ಟು ಹೋಗುತ್ತಿದ್ದೆ. ಮನೆಯೊಳಗೂ ಇಬ್ಬರೂ ಮಾಸ್ಕು. ಊರಲ್ಲಿ ಕಾಯಿಲೆ ಇಳಿದರೂ ನಮ್ಮ ಮನೆಯ ಟ್ರೇ ನಿಲ್ಲಲಿಲ್ಲ. ಈಗ ಅವಳೇ ಬಂದು ತೆಗೆದುಕೊಂಡು ಹೋಗುತ್ತಾಳೆ, ಕಣ್ಣವರೆಗೆ ಮಾಸ್ಕು. ಹರೆಯ ಅಂದರೆ ಹಾಗೇ ಇರಬೇಕು.

ಫೆಬ್ರವರಿ 9, ಗುರುವಾರ

ಗದ್ದಕ್ಕೆ ವಸಾಬಿ ಹಚ್ಚಿಕೊಂಡೆ.

ಬರೆಯದೆ ಬಿಡಬಹುದಿತ್ತು. ಆದರೆ ಇಷ್ಟು ದೊಡ್ಡ ದಡ್ಡತನ ಎಲ್ಲಾದರೂ ದಾಖಲಾಗಲಿ. ಸ್ನಾನ ಮುಗಿಸಿ ಕನ್ನಡಕವಿಲ್ಲದೆ ಫ್ರಿಜ್ಜಿಗೆ ಕೈ ಹಾಕಿದೆ, ಹಿಂಡಿದೆ, ಡಾಕ್ಟರು ಹೇಳಿದಂತೆ ತೆಳ್ಳಗೆ ಹಚ್ಚಿದೆ. ಉರಿಯಿತು. ಉರಿಯುತ್ತದೆ ಅಂದಿದ್ದರಲ್ಲ, ಔಷಧಿ ಕೆಲಸ ಮಾಡುತ್ತಿದೆ ಎಂದು ಹಲ್ಲು ಕಚ್ಚಿ ನಿಂತೆ. ಕಣ್ಣಲ್ಲಿ ನೀರು ಬಂತು. ಮೂಗಿನಲ್ಲಿ ಪರಿಚಯದ ವಾಸನೆ ಬಂತು. ಆಮೇಲೆ ತಿಳಿಯಿತು.

ನಲ್ಲಿಗೆ ಮುಖ ಕೊಟ್ಟು ಕೂಗಾಡುವಾಗ ಹಿಂದೆ ಚಿಗುಸಾಳ ಕಾಲಿನ ಸದ್ದು. ಬಂದಳು, ನೆಲದ ಮೇಲಿದ್ದ ಹಸಿರು ಟ್ಯೂಬನ್ನು ನೋಡಿದಳು, ಹೋದಳು. ಅವಳ ರೂಮಿನಿಂದ ಏನೋ ಅದುಮಿಟ್ಟ ಹಾಗೆ ಸದ್ದು ಕೇಳಿತು. ದಿಂಬಿನಲ್ಲಿ ಮುಖ ಹುದುಗಿಸಿ ನಕ್ಕಿರಬೇಕು. ಅಪ್ಪ ಸುಟ್ಟುಕೊಂಡಾಗ ನಗುವ ಮಗಳು!

ಫೆಬ್ರವರಿ 15, ಬುಧವಾರ

ಸಿಪ್ಪೆ ಏಳುತ್ತಿದೆ. ಬೆಂದ ಹೊಸ ಆಲೂಗಡ್ಡೆಯ ಹಾಗಿದ್ದೇನೆ. ಕಪ್ಪು ಕೋಟಿನ ಮೇಲೆ ಉದುರಿದ್ದನ್ನು ಸವಾಜಾಕಿಯವರು ಹಿಮ ಅಂದುಕೊಂಡು ಕೈಯಿಂದ ಕೊಡವಿದರು. ನಾನು ತಡೆಯಲಿಲ್ಲ.

ನೀಲಿ ಟವೆಲ್ಲಿನ ತುಂಬ ಬಿಳಿ ಮಚ್ಚೆ. ಹೇಳಿದ ಹಾಗೇ ಆಗಿದೆ.

ಒಂದು ವಿಶೇಷ. ಟ್ರೇ ಇಟ್ಟು ಹೊರಟಾಗ ಬಾಗಿಲ ಹಿಂದಿನಿಂದ ಚಿಗುಸಾ ತಾನಾಗಿ ಮಾತಾಡಿದಳು.

"ಅಪ್ಪಾ, ಅದು ತುಂಬಾ ಉರಿಯುತ್ತಾ?"

"ವಸಾಬಿನಾ?"

"ಅಲ್ಲಪ್ಪಾ. ಜೆಲ್ಲು."

"ಸ್ವಲ್ಪ ಉರಿಯುತ್ತೆ. ನಾನು ತಡ್ಕೋತೀನಿ."

"ಉರಿದ್ರೆ ಏನ್ಮಾಡ್ಬೇಕು?"

"ಮೊದ್ಲು ಮುಖಕ್ಕೆ ಕ್ರೀಮ್ ಹಚ್ಚಿ, ಆಮೇಲೆ ಜೆಲ್ ಹಚ್ಚಿ ಅಂದಿದಾರೆ ಡಾಕ್ಟ್ರು. ಅದೂ ಬಟಾಣಿಕಾಳಷ್ಟೇ."

"ಹ್ಞೂಂ."

ಮಗಳಿಗೆ ಅಪ್ಪನ ಮೇಲೆ ಎಷ್ಟು ಕಾಳಜಿ! ಹೊಟ್ಟೆ ತುಂಬಿತು. ಇನ್ನೂ ನಾಲ್ಕು ಸಲಹೆ ಸೇರಿಸಿ ಹೇಳಿದೆ.

ಫೆಬ್ರವರಿ 21, ಮಂಗಳವಾರ

ನಮ್ಮ ಸುಗ್ಗಿ. ಹದಿನೆಂಟು ತುಂಬಿ ಹೈಸ್ಕೂಲು ಮುಗಿಸಿದವರೆಲ್ಲ ಲೈಸೆನ್ಸಿಗೆ ಬಂದಿದ್ದಾರೆ. ಮೂಳೆ ಮೂಳೆ ನೋಯುತ್ತಿದೆ. ಮಾರ್ಚ್ ಹದಿಮೂರರಿಂದ ಮಾಸ್ಕು ಅವರವರ ಇಷ್ಟವಂತೆ. ಶಾಲೆಗಳ ಬೀಳ್ಕೊಡುಗೆಯಲ್ಲಿ ಮಕ್ಕಳು ಮಾಸ್ಕಿಲ್ಲದೆ ನಿಲ್ಲಬಹುದಂತೆ. ಅಷ್ಟರಲ್ಲಿ ನನ್ನ ಗದ್ದ ನೆಟ್ಟಗಾಗುವುದಿಲ್ಲ. ಚಿಗುಸಾಳ ಮಿಡ್ಲ್ ಸ್ಕೂಲಿನ ಬೀಳ್ಕೊಡುಗೆ ಹದಿನಾರಕ್ಕೆ. ಪೋಷಕರ ಸಾಲಿನಲ್ಲಿ ಈ ಗದ್ದ ಹೊತ್ತು ಹೇಗೆ ಕೂರಲಿ?

ಫೆಬ್ರವರಿ 25, ಶನಿವಾರ

ಟ್ಯೂಬು ಆಗಲೇ ಖಾಲಿ. ಹೊಸದಕ್ಕೆ ಹೋದರೆ ಡಾಕ್ಟರ್ ಮುರೈ ಕನ್ನಡಕದ ಮೇಲಿಂದ ನೋಡಿದರು.

"ಶಿಮಾಜಿಯವರೇ, ಇದನ್ನ ಬ್ರೆಡ್ಡಿಗೆ ಹಚ್ಕೊಂಡು ತಿಂತೀರಾ?"

"ಬಟಾಣಿಕಾಳಷ್ಟೇ ಡಾಕ್ಟ್ರೇ."

"ನಿಮ್ಮೂರ ಬಟಾಣಿ ದೊಡ್ಡದಿರಬೇಕು."

ಬೈಸಿಕೊಂಡು ಬಂದೆ. ಇಪ್ಪತ್ತು ವರ್ಷದಿಂದ ಜನರಿಗೆ ಕ್ಲಚ್ಚು ಎಷ್ಟು ಒತ್ತಬೇಕೆಂದು ಹೇಳಿಕೊಡುವವನಿಗೆ ಒಂದು ಟ್ಯೂಬು ಒತ್ತಲು ಬರುವುದಿಲ್ಲ.

ಮಾರ್ಚ್ 1, ಬುಧವಾರ

ಬೆಳಿಗ್ಗೆ ಚಿಗುಸಾ ಮಫ್ಲರ್ ಬಿಟ್ಟು ಹೋಗಿದ್ದಳು. ಚಪ್ಪಲಿ ಗೂಡಿನ ಪಕ್ಕದ ಮೊಳೆಯಲ್ಲಿ ಅದು ತೂಗುತ್ತಿತ್ತು. ಕಡುನೀಲಿ, ಯುಕಾರಿ ಹೆಣೆದದ್ದು. ಹೊರಗೆ ಹಿಮ ಬೀಳುತ್ತಿತ್ತು. ಓಡಿಹೋಗಿ ಕೊಡೋಣವೆಂದು ಕೈಗೆ ತೆಗೆದುಕೊಂಡೆ. ಗದ್ದ ತಾಗುವ ಕಡೆ ಉದ್ದಕ್ಕೂ ಬಿಳಿ ಮಚ್ಚೆಗಳಿದ್ದವು. ನನ್ನ ಟವೆಲ್ಲಿನಲ್ಲಿ ಇದ್ದಂಥವೇ.

ಮೊದಲು, ಛೆ, ನನ್ನ ಟವೆಲ್ ಇದಕ್ಕೆ ತಾಗಿರಬೇಕು ಅಂದುಕೊಂಡೆ. ಅಷ್ಟು ಬುದ್ಧಿವಂತ ನಾನು.

ಕ್ಲಾಸಿಗೆ ತಡವಾಗಿ ಹೋದೆ. ಇವತ್ತು ಎರಡು ಸಲ ನಾನು ಬ್ರೇಕು ಒತ್ತಲು ಮರೆತೆ. ಸವಾಜಾಕಿಯವರೇ ಒತ್ತಿದರು.

ಮಾರ್ಚ್ 2, ಗುರುವಾರ

ಜಾಣತನದಿಂದ ಮಾತು ತೆಗೆಯಬೇಕೆಂದು ದಿನವಿಡೀ ವಾಕ್ಯ ಜೋಡಿಸಿಕೊಂಡಿದ್ದೆ. ಬಾಗಿಲು ತಟ್ಟಿದ್ದೇ ಎಲ್ಲ ಮರೆತು, "ನನ್ನ ಜೆಲ್ ಹಚ್ಕೋತಿದೀಯಾ?" ಎಂದು ಪೊಲೀಸನ ಹಾಗೆ ಕೇಳಿದೆ.

ಬಾಗಿಲು ತೆರೆಯಿತು. ಮಾಸ್ಕಿನ ಮೇಲಿನ ಕಣ್ಣು ಕೆಂಪಾಗಿತ್ತು.

"ಹೌದು. ಏನೀಗ?"

"ಹೇಳಿದ್ರೆ ಡಾಕ್ಟ್ರ ಹತ್ರ ಕರ್ಕೊಂಡು ಹೋಗ್ತಿರ್ಲಿಲ್ವಾ? ಮೊಡವೆಗೆಲ್ಲ ಯಾರಾದ್ರೂ ಇಷ್ಟು ನಾಚ್ಕೋತಾರಾ?"

"ನೀನ್ಯಾಕೆ ಓಡಿದೆ ಹಾಗಾದ್ರೆ? ಮೀನಂಗಡಿಯವರು ಒಂದು ಮಾತು ಅಂದಿದ್ದಕ್ಕೆ!"

ಮೀನಂಗಡಿಯ ಮಾತನ್ನು ನಾನೇ ಯುಕಾರಿಗೆ ಫೋನಿನಲ್ಲಿ ನಗುತ್ತ ಹೇಳಿದ್ದೆ. ಗೋಡೆ ತೆಳು.

"ನಾನು ಬೀಳ್ಕೊಡುಗೆಗೆ ಹೋಗಲ್ಲ. ಸರ್ಟಿಫಿಕೇಟು ಆಮೇಲೆ ತರ್ತೀನಿ," ಅಂದಳು.

"ಯಾಕೆ? ಬೇಕಾದ್ರೆ ಮಾಸ್ಕ್ ಹಾಕ್ಕೊಂಡೇ ಹೋಗು."

"ಎಲ್ಲರೂ ತೆಗೆದು ನಾನೊಬ್ಳೇ ಹಾಕ್ಕೊಂಡಿದ್ರೆ ಇನ್ನೂ ಚೆನ್ನಾಗಿ ಕಾಣುತ್ತೆ! ನಿಂಗೆ ಅರ್ಥ ಆಗಲ್ಲಪ್ಪಾ. ಸ್ಕೂಲಲ್ಲಿ ಊಟಕ್ಕೂ ಬೋರ್ಡಿನ ಕಡೆ ಮುಖ ಮಾಡಿ ಬಾಯಿ ಮುಚ್ಕೊಂಡು ತಿಂದ್ವಿ ಮೂರು ವರ್ಷ. ನನ್ನ ಮೂಗಿನ ಕೆಳಗೆ ಯಾರೂ ಸರಿಯಾಗಿ ನೋಡಿಲ್ಲ. ಅವರವರ ತಲೇಲಿ ನನ್ನದೊಂದು ಮುಖ ಬರ್ಕೊಂಡಿದಾರೆ. ಅದು ಖಂಡಿತ ಇದಕ್ಕಿಂತ ಚೆನ್ನಾಗಿರುತ್ತೆ."

ಬಾಗಿಲು ಹಾಕಿಕೊಂಡಳು. ಟ್ರೇ ಹಿಡಿದು ನಿಂತಿದ್ದೆ. ಸೂಪು ಆರಿತು, ಬಿಸಿ ಮಾಡಿದೆ, ಮತ್ತೆ ಆರಿತು.

ಮಾರ್ಚ್ 4, ಶನಿವಾರ

ಡಾಕ್ಟರ ಹತ್ತಿರ ಹೋಗಲು ಒಪ್ಪಿದಳು. ಮೊನ್ನೆ ರಾತ್ರಿ ಬಾಗಿಲಿಗೆ ಹಣೆ ಹಚ್ಚಿ ನಾನು ಅಂದದ್ದು ಇಷ್ಟೇ: "ನಾಳಿದ್ದು ನಾನು ಹೋಗ್ಬೇಕು. ಜೆಲ್ ಯಾಕೆ ಖಾಲಿಯಾಯ್ತು ಅಂತ ಹೇಳಕ್ಕೆ. ಒಬ್ನೇ ಬೈಸ್ಕೊಳ್ಳೋಕೆ ಭಯ ಆಗುತ್ತೆ." ಅದು ಸುಳ್ಳೇನಲ್ಲ.

ಇವತ್ತು ಅಲ್ಲಿ ಬೈಗುಳ ಸಮಪಾಲು ಸಿಕ್ಕಿತು. "ಇಬ್ರೂ ಕದ್ದುಮುಚ್ಚಿ ಅಷ್ಟಷ್ಟು ಹಚ್ಕೊಂಡು ಕ್ರಿಮಿಗಳಿಗೆ ಟ್ರೇನಿಂಗ್ ಕೊಡ್ತಿದೀರಿ," ಅಂದರು ಡಾಕ್ಟರು. ಆಮೇಲೆ ಚಿಗುಸಾಗೆ, "ಮಾಸ್ಕ್ ತೆಗಿಯಮ್ಮಾ."

ಚಿಗುಸಾ ನನ್ನ ಕಡೆ ನೋಡಿದಳು. "ಅಪ್ಪಾ, ನೀನು ಆ ಕಡೆ ತಿರುಗು."

ತಿರುಗಿದೆ. ಗೋಡೆಯ ಮೇಲೆ ಕಾಲ್ಬೆರಳ ಸಂದಿಯ ಹುಣ್ಣಿನ ದೊಡ್ಡ ಬಣ್ಣದ ಚಿತ್ರವಿತ್ತು. ಅದನ್ನೇ ಭಕ್ತಿಯಿಂದ ನೋಡಿದೆ. ಹಿಂದೆ ಮಾಸ್ಕಿನ ಲಾಡಿ ಕಿವಿಯಿಂದ ಬಿಡಿಸಿದ ಸಣ್ಣ ಸದ್ದು.

"ಹ್ಞಾಂ. ಯಾವಾಗಿಂದ ಇದು?"

"ಮಿಡ್ಲ್ ಸ್ಕೂಲ್ ಮೊದಲನೇ ವರ್ಷದ ಬೇಸಿಗೆಯಿಂದ."

"ಅಪ್ಪಂಗೆ ಹೇಳ್ಲಿಲ್ವಾ?"

ಅವಳ ದನಿ: "ಅಪ್ಪಾನೂ ಮುಖ ಮುಚ್ಕೊಂಡಿದ್ರು. ಬಾಗಿಲಲ್ಲಿ ಟ್ರೇ ಇಟ್ಟು ಹೋಗ್ಬಿಡೋರು."

ಆ ಚಿತ್ರದಲ್ಲಿ ಐದು ಬೆರಳೂ ಬೇರೆ ಬೇರೆ ಬಣ್ಣಕ್ಕೆ ತಿರುಗಿದ್ದವು. ಕಿರುಬೆರಳು ಬಹಳ ಕೆಟ್ಟಿತ್ತು. ಈಗಲೂ ಕಣ್ಣು ಮುಚ್ಚಿದರೆ ಕಾಣುತ್ತದೆ.

ಡಾಕ್ಟರು ಅವಳಿಗೆ ಅವಳದೇ ಔಷಧಿ ಕೊಟ್ಟರು. ಗಾಯದ ಗುರುತು ಉಳಿಯದ ಹಾಗೆ ಇನ್ನೂ ಹಿಡಿಯಬಹುದು, ಆದರೆ ಈ ತಿಂಗಳಲ್ಲಿ ಪವಾಡ ಆಗುವುದಿಲ್ಲ ಅಂದರು. ಬೀಳ್ಕೊಡುಗೆಗೆ ಆಗುತ್ತಾ ಎಂದು ಕೇಳಿದವನು ನಾನು. "ಆಗಲ್ಲ" ಅಂದವರು ಅವರು.

ಮನೆಗೆ ಬಂದು ಟ್ಯೂಬುಗಳ ಮೇಲೆ ಅವಳೇ ಪೆನ್ನಿನಲ್ಲಿ ಬರೆದಳು. ಒಂದರ ಮೇಲೆ "ಚಿ". ಇನ್ನೊಂದರ ಮೇಲೆ "ಮುದುಕ". ವಸಾಬಿಯ ಮೇಲೆ "ಮುದುಕನೇ, ಇದಲ್ಲ".

ಮಾರ್ಚ್ 9, ಗುರುವಾರ

ಚಿಗುಸಾಳ ಹೈಸ್ಕೂಲು ಪ್ರವೇಶ ಪರೀಕ್ಷೆ ಮುಗಿಯಿತು. "ಹೇಗಾಯ್ತು?" "ಆಯ್ತು." ಸಂಜೆ ಸ್ನಾನವಾದ ಮೇಲೆ ಇಬ್ಬರೂ ಫ್ರಿಜ್ಜಿನ ಮುಂದೆ ಒಟ್ಟಿಗೆ ಸಿಕ್ಕೆವು. ಅವಳು ತನ್ನ ಟ್ಯೂಬು ಎತ್ತಿಕೊಂಡು ನನ್ನದನ್ನು ನನ್ನ ಕೈಗೆ ಕೊಟ್ಟಳು. "ಕನ್ನಡಕ ಎಲ್ಲಿ? ಹಾಕ್ಕೋ," ಅಂದಳು. ಥೇಟ್ ಅವಳಮ್ಮ.

ಮಾರ್ಚ್ 13, ಸೋಮವಾರ

ಮಾಸ್ಕು ಇವತ್ತಿನಿಂದ ಇಷ್ಟಾನುಸಾರ. ಮೀನು ಮಾರ್ಕೆಟ್ಟಿನ ಬೆಕ್ಕು ಬಿಟ್ಟರೆ ಬರಿಮುಖದಲ್ಲಿ ಯಾರನ್ನೂ ಕಾಣಲಿಲ್ಲ.

ಮಾರ್ಚ್ 15, ಬುಧವಾರ

ನಾನು ಅಕ್ಕಿ ತೊಳೆಯುತ್ತಿದ್ದೆ. ಚಿಗುಸಾ ಹಿಂದೆ ಬಂದು ನಿಂತಳು.

"ನಾಳೆ ಹೋಗ್ತೀನಿ ಅಪ್ಪಾ."

"ಹೋಗ್ತೀಯಾ?"

"ಎರಡು ಕೈಲೂ ಸರ್ಟಿಫಿಕೇಟು ತಗೊಂಡು, ತಿರುಗಿ, ಎಲ್ರಿಗೂ ಬಗ್ಗಿ ನಮಸ್ಕಾರ ಮಾಡ್ಬೇಕು. ತೆಗೀತೀನೋ ಬಿಡ್ತೀನೋ ಅಲ್ಲೇ ನೋಡ್ತೀನಿ. ನೀನು ಏನೂ ಹೇಳ್ಬೇಡ. ಚೆನ್ನಾಗಿದೀಯಾ ಅಂತಾನೂ ಹೇಳ್ಬೇಡ."

"ಸರಿ."

"ನೀನು ಮಾತ್ರ ಹಾಕ್ಕೊಂಡೇ ಬಾ. ನಿನ್ನ ಗದ್ದ ನೋಡಿ ಯಾರಾದ್ರೂ ನಕ್ರೆ ನಂಗೂ ನಗು ಬಂದ್ಬಿಡುತ್ತೆ."

ಅಕ್ಕಿಯನ್ನು ಮತ್ತೆ ಮತ್ತೆ ತೊಳೆದೆ. ಮದುವೆಯ ಕೋಟು ಬಿಗಿಯಾಗಿದೆ, ಉಸಿರು ಹಿಡಿದರೆ ಗುಂಡಿ ಹಾಕಬಹುದು.

ಮಾರ್ಚ್ 16, ಗುರುವಾರ

ಯಾರಿಗೂ ಹೇಳಲಾರೆ, ಇಲ್ಲಿ ಬರೆಯುತ್ತೇನೆ.

ಶಾಲೆಯ ದೊಡ್ಡ ಸಭಾಂಗಣ ಐಸು ಪೆಟ್ಟಿಗೆಯಂತಿತ್ತು. ಪೋಷಕರೆಲ್ಲರೂ ಮಾಸ್ಕಿನಲ್ಲಿ. ನಾನೂ ಹೇಳಿದ ಮಾತು ಕೇಳಿ ಹಾಕಿಕೊಂಡಿದ್ದೆ. ಮಕ್ಕಳು ಒಬ್ಬೊಬ್ಬರಾಗಿ ಹೋಗುತ್ತಿದ್ದರು. ಕೆಲವರು ತೆಗೆದಿದ್ದರು, ಕೆಲವರು ಇಲ್ಲ. ಶಿಮಾಜಿ ಎಂಬ ಹೆಸರು ಹತ್ತಿರವಾದ ಹಾಗೆ ನನ್ನ ಉಸಿರು ಜೋರಾಯಿತು, ಬಿಗಿಯಾದ ಕೋಟಿನಿಂದ ಇನ್ನೂ ಜೋರಾಯಿತು.

"ಶಿಮಾಜಿ ಚಿಗುಸಾ!"

"ಹಾಜರ್!" ಎಂದು ಅವಳ ದನಿ. ಗಟ್ಟಿಯಾಗಿತ್ತು.

ಅವಳ ಬೆನ್ನು ಮೆಟ್ಟಿಲು ಹತ್ತಿತು. ಕೈ ಚಾಚಿದಳು, ತೆಗೆದುಕೊಂಡಳು. ಆ ಹೊತ್ತಿಗೆ ಸರಿಯಾಗಿ ಮಾಸ್ಕಿನಿಂದ ಮೇಲೆ ನುಗ್ಗಿದ ನನ್ನ ಉಸಿರು ಕನ್ನಡಕವನ್ನು ಪೂರ್ತಿ ಮಬ್ಬು ಮಾಡಿತು. ವೇದಿಕೆ ಹಾಲಿನ ಬಣ್ಣಕ್ಕೆ ತಿರುಗಿತು. ಅವಳು ತಿರುಗಿದಳು, ಬಗ್ಗಿದಳು. ಅಷ್ಟು ಕಂಡಿತು. ಕನ್ನಡಕ ಕಿತ್ತು ಟೈಗೆ ಉಜ್ಜಿ ಹಾಕಿಕೊಳ್ಳುವಷ್ಟರಲ್ಲಿ ಅವಳ ಜಾಗದಲ್ಲಿ ಮುಂದಿನ ಹುಡುಗ ಬಗ್ಗುತ್ತಿದ್ದ. ಅವನಿಗೆ ಮೂಗಿತ್ತು, ಬಾಯಿತ್ತು, ಎಲ್ಲವೂ ಸ್ಪಷ್ಟ. ಯಾರ ಮಗನೋ.

ಮುಗಿದ ಮೇಲೆ ಗೇಟಿನ ಹತ್ತಿರ ಬಂದಳು. ಗಾಳಿಗೆ ಮಫ್ಲರನ್ನು ಕಣ್ಣವರೆಗೆ ಸುತ್ತಿಕೊಂಡಿದ್ದಳು.

"ನೋಡಿದ್ಯಾ?"

"ನೋಡ್ದೆ."

"ಹ್ಞೂಂ," ಅಂದಳು. ಸ್ವಲ್ಪ ದೂರ ಹೋದ ಮೇಲೆ, "ಹೇಳ್ಬೇಡ ಅಂದಿದ್ದೆ ಅಂತ ಒಂದು ಮಾತೂ ಹೇಳಲ್ವಾ?" ಅಂದಳು.

"ದನಿ ಗಟ್ಟಿಯಾಗಿತ್ತು."

ಅವಳು ನನ್ನ ಕೋಟಿನ ತೋಳು ಹಿಡಿದು ಕೆಸರು ದಾಟಿದಳು. ಯುಕಾರಿ ಫೋನಿನಲ್ಲಿ "ತೆಗೆದಳಾ?" ಎಂದು ಕೇಳಿದಾಗ ಚಾರ್ಜು ಮುಗಿಯಿತು ಎಂದು ಇಟ್ಟೆ.

ಏಪ್ರಿಲ್ 7, ಶುಕ್ರವಾರ

ಬಹಳ ದಿನ ಬರೆಯಲಿಲ್ಲ. ಬರೆಯುವಂಥದ್ದೇನೂ ಇರಲಿಲ್ಲ. ಚಿಗುಸಾ ಪಾಸಾದಳು. ಇವತ್ತು ಹೈಸ್ಕೂಲಿಗೆ ಸೇರಿದಳು. ಯುಕಾರಿ ಬಂದು, ಫೋಟೊ ಹಿಡಿದು, ಸಂಜೆಯ ರೈಲಿಗೆ ಹೋದಳು. ಸವಾಜಾಕಿಯವರಿಗೆ ಕೊನೆಗೂ ಲೈಸೆನ್ಸ್ ಸಿಕ್ಕಿದೆ. ತಾವೇ ಕಾರು ಓಡಿಸಿಕೊಂಡು ಬಂದು ಒಂದು ಡಬ್ಬಿ ಪುಟ್ಟ ಬೊಂಡಾಸ್ ಮೀನು ಕೊಟ್ಟರು. ಈ ಕಾಲದಲ್ಲಿ ರಾತ್ರಿ ಸಮುದ್ರದಲ್ಲಿ ನೀಲಿಯಾಗಿ ಮಿನುಗುತ್ತವಲ್ಲ, ಅವು.

"ಮೇಷ್ಟ್ರೇ, ಗದ್ದದ ಮೇಲಿದ್ದೋರೆಲ್ಲ ಎಲ್ಲಿಗೆ ಹೋದ್ರು?"

ಮುಟ್ಟಿ ನೋಡಿದೆ. ಒಂದಿಬ್ಬರು ಬಿಟ್ಟರೆ ಖಾಲಿ. ಯಾವಾಗ ಹೋದರೋ ಗೊತ್ತಿಲ್ಲ.

ಬೊಂಡಾಸನ್ನು ಕುದಿಸಿ, ಸೋಯಾಕಾಳಿನ ಹುಳಿ ಮಿಸೊ ಗೊಜ್ಜು ಕಲಸಿ, ಟ್ರೇ ತೆಗೆಯಲು ಹೋದೆ. ಟ್ರೇ ಕಾಣಲಿಲ್ಲ. ಚಿಗುಸಾ ಆಗಲೇ ಅಡುಗೆಮನೆಯ ಮೇಜಿನಲ್ಲಿ ನನ್ನ ಎದುರು ಕುರ್ಚಿಯಲ್ಲಿ ಕೂತಿದ್ದಳು. "ತಣ್ಣಗಾದ್ರೆ ಇದು ಚೆನ್ನಾಗಿರಲ್ಲ, ಇಲ್ಲೇ ತಿಂತೀನಿ," ಅಂದಳು. ಮಾಸ್ಕು ಬಿಚ್ಚಿ ಮಡಿಸಿ ಬಟ್ಟಲಿನ ಪಕ್ಕ ಇಟ್ಟಿದ್ದಳು.

ಕೆನ್ನೆಯಲ್ಲಿ ಇನ್ನೂ ಒಂದಿಷ್ಟು ಕೆಂಪು ಇತ್ತು. ಅದು ಕಂಡಿತು, ಆದರೆ ಅದನ್ನಲ್ಲ ನಾನು ನೋಡಿದ್ದು. ಹನ್ನೆರಡರಲ್ಲಿ ದುಂಡಗಿದ್ದ ಗದ್ದ ಈಗ ನೀಳವಾಗಿದೆ. ನನ್ನ ಅಮ್ಮನ ಗದ್ದ. ಮೇಲ್ತುಟಿಯ ಒಂದು ಕಡೆ ಸ್ವಲ್ಪ ಮೇಲಕ್ಕೆ ಎತ್ತಿದೆ. ಅದು ಯಾರದೂ ಅಲ್ಲ, ಅವಳದೇ. ಅಗಿಯುವಾಗ ಕೆನ್ನೆಯಲ್ಲಿ ಗುಳಿ ಬೀಳುತ್ತದೆ. ಇದೆಲ್ಲ ಯಾವಾಗ ಬಂತು? ಇದೇ ಮನೆಯಲ್ಲೇ ಇದ್ದೆನಲ್ಲ.

"ಏನಪ್ಪಾ ಹಾಗೆ ನೋಡ್ತಿದೀಯ? ಮುಖಕ್ಕೆ ಅನ್ನ ಅಂಟಿದೆಯಾ?"

"ಹ್ಞಾಂ," ಎಂದು ಸುಳ್ಳು ಹೇಳಿದೆ.

"ಎಲ್ಲಿ?"

ನನ್ನ ಗದ್ದ ಮುಟ್ಟಿ ತೋರಿಸಿದೆ. ಅವಳು ಬೆರಳಿನಿಂದ ಒರೆಸಿಕೊಂಡು ಮುಖವನ್ನು ದೀಪದ ಕಡೆಗೆ ಎತ್ತಿದಳು.

"ಹೋಯ್ತಾ?"

"ಇಲ್ಲ," ಅಂದೆ. "ಇನ್ನೂ ಸ್ವಲ್ಪ ಇದೆ."